ಮಾವ ಹಿಡಿದ ಹಗ್ಗ

ಹಸಿ ಸೊಪ್ಪು ಸುಡುವ ಘಾಟು ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಅಂಗೈ ಬೆವರುತ್ತದೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಮೊನ್ನೆ ಕೀಲ್ಪಾಕ್‌ನ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ಮನೆಗೆ ಬಂದರೆ, ನಮ್ಮ ಫ್ಲ್ಯಾಟಿನ ನೀರಿನ ಟ್ಯಾಂಕಿನಡಿ ಕಟ್ಟಿದ್ದ ಹೆಜ್ಜೇನಿಗೆ ಹೊಗೆ ಹಾಕುತ್ತಿದ್ದರು. ಒಬ್ಬ ಹಗ್ಗದಲ್ಲಿ ಜೋತಾಡುತ್ತಿದ್ದ. ಮೇಲೆ ಹಗ್ಗ ಯಾರು ಹಿಡಿದಿದ್ದಾರೆ ಎಂದು ವಾಚ್‌ಮನ್‌ನನ್ನು ಕೇಳಿದೆ. "ಕಂಬಿಲೆ ಕಟ್ಟಿರುಕ್ಕು ಅಕ್ಕಾ" ಎಂದ ತಮಿಳಿನಲ್ಲಿ. ಕಂಬಿಗೆ ಕಟ್ಟಿದೆಯಂತೆ! ಕಂಬಿಗೇನು ಅಕ್ಕ ಇದ್ದಾಳೆಯೇ, ತಂಗಿ ಇದ್ದಾಳೆಯೇ?

ಕಾಡಂಚಿನ ನಮ್ಮ ಹಾಡಿಯಲ್ಲಿ ಇದ್ದದ್ದು ಹದಿನಾಲ್ಕೇ ಗುಡಿಸಲು. ಜೇನುಕುರುಬರಾದ ನಾವು ಗೆಡ್ಡೆ ಅಗೆಯುತ್ತಿದ್ದೆವು, ನೆಲ್ಲಿಕಾಯಿ ಆಯುತ್ತಿದ್ದೆವು. ಕಾಫಿ ಹಣ್ಣು ಕೀಳುವ ಕಾಲಕ್ಕೆ ಕೆಲವರು ಕೊಡಗಿನ ತೋಟಕ್ಕೆ ಹೋಗುತ್ತಿದ್ದರು. ಆದರೆ ಗಂಡಸು ಎನ್ನಿಸಿಕೊಳ್ಳಬೇಕಾದರೆ ಬಂಡೆಯ ಜೇನು ಇಳಿಸಬೇಕು. ಬಂಡೆಯ ನೆತ್ತಿಯಿಂದ ಹಗ್ಗದಲ್ಲಿ ಇಳಿಯುವುದು. ಮೇಲೆ ಆ ಹಗ್ಗ ಹಿಡಿಯುವವನು ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು. ಸ್ವಂತ ಒಡಹುಟ್ಟಿದವಳನ್ನು ವಿಧವೆ ಮಾಡಲು ಯಾರಿಗೆ ಮನಸ್ಸು ಬಂದೀತು ಎಂಬುದು ಹಿರಿಯರ ಲೆಕ್ಕಾಚಾರ. ನಮ್ಮಪ್ಪನಿಗೆ ಹಗ್ಗ ಹಿಡಿಯುತ್ತಿದ್ದವನು ಅವ್ವನ ತಮ್ಮ, ಕರಿಯ ಮಾವ. ನನಗೆ ಏಳು ವರ್ಷವಿದ್ದಾಗ ಅವರಿಬ್ಬರೂ ಮಾತು ಬಿಟ್ಟಿದ್ದರು. ಎಲ್ಲರೂ ತನ್ನಂತೆ ಕೊಡಗಿನ ತೋಟದ ಕೂಲಿಗಳ ಲೈನ್‌ಮನೆಗೆ ಬಂದುಬಿಡಿ ಎಂದು ಮಾವ ಕರೆದದ್ದಕ್ಕೆ ಅಪ್ಪ ಹಾಡಿಯವರ ಮುಂದೆಯೇ, "ತೋಟದೋರ ನಾಯಿ ಆಗ್ಬುಟ್ಟೆ ಕಣ್ಲಾ ನೀನು" ಎಂದು ಬೈದಿದ್ದ. ಅಪ್ಪನ ನಾಲಗೆಗೆ ಕಡಿವಾಣವೇ ಇರಲಿಲ್ಲ. ಜೇನಿನ ಕಾಲ ಬಂದಾಗ ಮಾವ ಹಗ್ಗ ಹೆಗಲಿಗೇರಿಸಿ ಬಾಗಿಲಲ್ಲಿ ಬಂದು ನಿಂತ. ಅಪ್ಪ ಎದ್ದು ಹೊರಟ. ಅವ್ವ ನನ್ನ ಕಿವಿಯಲ್ಲಿ, "ನೀನೂ ಹೋಗು. ಮಾವನ ಕೈಯನ್ನೇ ನೋಡ್ತಿರು" ಎಂದಳು.

ಮಾವ ಹಗ್ಗವನ್ನು ಮರಕ್ಕೊಂದು ಸುತ್ತು ಹಾಕಿ ಹಿಡಿದ. ಅಪ್ಪ ಬಂಡೆಯಂಚಿನಾಚೆ ಮರೆಯಾದ. ಸ್ವಲ್ಪ ಹೊತ್ತಿಗೆ ಹೊಗೆ ಮೇಲೆ ಬಂತು, ಅದರ ಹಿಂದೆಯೇ ಹುಳುಗಳೂ ಬಂದವು. ಮಾವನ ಕತ್ತು, ರೆಪ್ಪೆ, ಬೆರಳು ಒಂದನ್ನೂ ಬಿಡದೆ ಕುಟುಕಿದವು. ಮುಖ ಒರೆಸಿಕೊಳ್ಳಲು ಕೈಬಿಟ್ಟಿದ್ದರೆ ಅಪ್ಪನ ಕತೆ ಅಲ್ಲಿಗೆ ಮುಗಿಯುತ್ತಿತ್ತು, ಮಾವನನ್ನು ಯಾರೂ ದೂರುತ್ತಲೂ ಇರಲಿಲ್ಲ. ನಾನು ಹೆದರಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡೆ. ಮಾವ ತಿರುಗದೆ, "ಕಣ್ಮುಚ್ಕೋ ಮಗ, ನಾನ್ ಬಿಡಾಕಿಲ್ಲ" ಎಂದ. ನಾನು ಕಣ್ಣು ಮುಚ್ಚಲಿಲ್ಲ. ಅಪ್ಪ ಮೇಲೆ ಬಂದಾಗ ಮಾವನ ಒಂದು ಕಣ್ಣು ಊದಿ ಮುಚ್ಚಿತ್ತು, ಅಂಗೈ ಸುಲಿದಿತ್ತು. ಅಪ್ಪ ಮೊದಲ ತುಂಡು ಜೇನುಹುಟ್ಟು ಮುರಿದು ತಾನೇ ಅವನ ಬಾಯಿಗಿಟ್ಟ.

ಮುಂದಿನ ವರ್ಷ ಅವ್ವ ಜ್ವರ ಬಂದು ಸತ್ತಳು. ಅವಳ ಮುಖ ಈಗ ನನಗೆ ಪೂರ್ತಿ ನೆನಪಾಗುವುದಿಲ್ಲ, ಅದೇ ದೊಡ್ಡ ಸಂಕಟ. ಮತ್ತೆ ಜೇನಿನ ಕಾಲಕ್ಕೆ ಮಾವ ಹಗ್ಗ ಹಿಡಿದು ಬಂದ. ಅಪ್ಪ ಕೂತಲ್ಲಿಂದ ಏಳಲಿಲ್ಲ.

"ಅಕ್ಕ ಇಲ್ಲ ಅಂತ ನಾನ್ ಬಿಟ್ಬುಡ್ತೀನಾ ಬಾವ?"

"ನೀನ್ ಬಿಡಾಕಿಲ್ಲ ಕರಿಯ. ನಾನೇ ಬಿಟ್ಬುಟ್ಟೇನು."

ಮಾವ ಹಗ್ಗ ಕೆಳಗಿಟ್ಟು ಅಪ್ಪನ ಪಕ್ಕದಲ್ಲಿ ಕುಳಿತ. ಆ ಸಂಜೆಯೇ ಮಾವ ನಮ್ಮ ಪಾತ್ರೆಗಳನ್ನು ಗಂಟು ಕಟ್ಟಿದ. ನಾವು ಮಾವನ ಜೊತೆ ಕೊಡಗಿಗೆ ಹೊರಟ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ತೋಟಗಳ ಕಡೆ ಬಂದರು. ಹಾಡಿಯಲ್ಲಿ ಈಗ ಮೂರು ಮನೆಗಳಿವೆ, ಕಸುಬು ಕೇಳಿದರೆ ಎಲ್ಲರೂ ಕೂಲಿ ಎನ್ನುತ್ತಾರೆ. ಲೈನ್‌ಮನೆಯಲ್ಲಿ ಅಪ್ಪ ಇನ್ನೂ ಹನ್ನೊಂದು ವರ್ಷ ಬದುಕಿದ. ಅಷ್ಟೂ ವರ್ಷ ಮಾವ ಅವನನ್ನು ಎಲ್ಲಿಗೂ ಒಬ್ಬನೇ ಹೋಗಗೊಡಲಿಲ್ಲ.