ಬಾಯಿ ಬಿಡುವ ದಿನ

ಎಲ್ಲರೂ ಅವಳನ್ನು ಕರೆಯುವುದು ಮಾತಿನಮಲ್ಲಿ ಎಂದೇ. ಬಸ್ಸಿನಲ್ಲಿ ಪಕ್ಕ ಕೂತವರ ಮನೆಯ ಸುದ್ದಿಯೆಲ್ಲ ಇಳಿಯುವಷ್ಟರಲ್ಲಿ ಅವಳಿಗೆ ಬಾಯಿಪಾಠ. ಅಂಥವಳಿಗೆ ಸಿಕ್ಕ ಕೆಲಸ ನೋಡಿ, ವನ್ಯಜೀವಿ ಪಾರ್ಕಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೊಕ್ಕರೆ ಮರಿ ಸಾಕುವುದು! ಅಳಿದುಹೋಗುತ್ತಿರುವ ಜಾತಿ ಅದು. ಮನುಷ್ಯರ ಸಲಿಗೆಯಾಯಿತೋ ಕೆಟ್ಟಿತು, ಹೊರಗೆ ಬಿಟ್ಟ ಮೇಲೂ ಜನರ ಹಿಂದೆಯೇ ಹೋಗಿ ಸಾಯುತ್ತದೆ. ಅದಕ್ಕೇ ಅವಳಿಗೆ ಬಿಳಿ ನಿಲುವಂಗಿ, ಮುಖಕ್ಕೆ ಪರದೆ, ಕೈಗೆ ಕೊಕ್ಕರೆ ತಲೆಯ ಗೊಂಬೆ. ಗೊಂಬೆಯ ಕೊಕ್ಕಿನಿಂದಲೇ ಮೀನು ತಿನ್ನಿಸಬೇಕು. ಮಾತಂತೂ ಕೂಡದು.

ಮರಿಯನ್ನು ಮೊಟ್ಟೆಯೊಡೆದು ಬಂದ ದಿನದಿಂದ ತುಟಿ ಕಚ್ಚಿಕೊಂಡೇ ಬೆಳೆಸಿದಳು. ಒಂದು ಚಟ ಮಾತ್ರ ಬಿಡಲಿಲ್ಲ. ಪಾಪ ಅನ್ನಿಸಿದರೆ ಸಾಕು, ಅವಳ ನಾಲಿಗೆ ತಾನಾಗಿ ಲೊಚಗುಟ್ಟುತ್ತದೆ. ಮರಿ ಮುಗ್ಗರಿಸಿದಾಗಲೆಲ್ಲ ಪರದೆಯೊಳಗಿನಿಂದ ‘ಚ್ಚು ಚ್ಚು’. ಅದೇನು ಮಾತಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಇವತ್ತು ಬೆಳೆದ ಮರಿಗೆ ಪರೀಕ್ಷೆ. ಅವಳು ವೇಷವಿಲ್ಲದೆ ಅದರ ಬೇಲಿಯೊಳಗೆ ಹೋಗಿ ಮಾತಾಡಬೇಕು. ಹಕ್ಕಿ ಹೆದರಿ ಓಡಿದರೆ ನಾಳೆ ಅದಕ್ಕೆ ಬಯಲು, ಕೆರೆ. ಹತ್ತಿರ ಬಂದರೆ ಬದುಕಿಡೀ ಟಿಕೆಟ್ ಕೊಂಡವರ ಮುಂದೆ ಪಂಜರ. ಬೆಳಿಗ್ಗೆಯಿಂದ ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ತೊಳೆದ ಬಕೆಟನ್ನೇ ತೊಳೆದಳು, ಹಾಕಿದ ಚಿಲಕ ತೆಗೆದು ಮತ್ತೆ ಹಾಕಿದಳು.

ಸಾಲದ್ದಕ್ಕೆ ಪಾರ್ಕು ನೋಡಬೇಕೆಂದು ಅಮ್ಮ ಬೇರೆ ಇವತ್ತೇ ಬಂದಿದ್ದಳು.

“ಓಡಿಹೋಗ್ಲಿ ಅಂತ ಯಾರಾದ್ರೂ ಸಾಕ್ತಾರೇನೇ?”

“ಓಡಿದ್ರೇನೇ ಅದಕ್ಕೆ ಬದುಕು ಕಣಮ್ಮ. ಈ ಕಿಂಡಿಯಿಂದ ನೋಡು. ಉಸಿರೆತ್ತಬೇಡ.”

“ಬಾಯಿ ಮುಚ್ಚೇ ಅಂತ ನಿನಗೆ ಹೇಳಿ ಹೇಳಿ ನನ್ನ ಅರ್ಧ ಆಯಸ್ಸು ಹೋಯ್ತು. ಈಗ ನನಗೇ ಹೇಳ್ತೀಯಾ!”

ಪಶುವೈದ್ಯರು ಬಾಗಿಲು ತೆಗೆದರು. “ಹೋಗಮ್ಮ, ಇವತ್ತು ಎಷ್ಟು ಬೇಕಾದ್ರೂ ಮಾತಾಡು.”

ಒಳಗೆ ಕಾಲಿಟ್ಟಳು. ಹುಲ್ಲಿನ ನಡುವೆ ಹಕ್ಕಿ ಅತ್ತ ಮುಖ ಮಾಡಿ ನಿಂತಿತ್ತು. ತಿಂಗಳುಗಟ್ಟಲೆ ಕೂಡಿಟ್ಟ ಮಾತಿನಲ್ಲಿ ಯಾವುದನ್ನು ಮೊದಲು ಆಡಲಿ ಎಂದು ಹುಡುಕಿದಳು. ಅಷ್ಟರಲ್ಲಿ ಕಿಂಡಿಯಿಂದ ಕೇಳಿಸಿತು, “ಚ್ಚು ಚ್ಚು, ಒಂಟಿಯಾಗಿ ನಿಂತಿದೆ, ಪಾಪ!” ಮಗಳ ಚಟ ಎಲ್ಲಿಂದ ಬಂದದ್ದೆಂದು ಬೇರೆ ಹೇಳಬೇಕೇ? ಆ ಸದ್ದಿಗೆ ಹಕ್ಕಿ ತಟ್ಟನೆ ತಿರುಗಿತು. ಒಂದು ಹೆಜ್ಜೆ ಇಟ್ಟಿತು. ಇನ್ನೊಂದು. ಅವಳ ಜೀವ ಬಾಯಿಗೆ ಬಂತು.

“ಬರಬೇಡ! ಹೋಗು!” ಎಂದು ಕಿರುಚಿದಳು. ಹಕ್ಕಿ ಬೆಚ್ಚಿ ನಿಂತಿತು.

“ಗದರಿದ್ರೆ ಯಾವುದಾದ್ರೂ ಹೆದರುತ್ತೆ. ಮುದ್ದಿನಿಂದ ಕರಿ,” ಎಂದರು ವೈದ್ಯರು ಬಾಗಿಲಿಂದಲೇ.

ಕರೆದಳು. ಸುಳ್ಳು ಸುಳ್ಳೇ ಕರೆಯಲು ಅವಳಿಗೆ ಬರಲಿಲ್ಲ. “ಬಾರೋ ನನ್ನ ಬಂಗಾರ. ನಾನು ಕಣೋ, ಮೀನು ತಿನ್ನಿಸ್ತಿದ್ದೋಳು. ಬಾ ಕಂದ.” ಹಕ್ಕಿ ಅವಳ ಆಚೀಚೆ ಕತ್ತು ಚಾಚಿ ನೋಡಿತು. ಬಿಳಿ ನಿಲುವಂಗಿಯನ್ನು ಹುಡುಕುತ್ತಿದೆ ಎಂದು ಅವಳೊಬ್ಬಳಿಗೇ ತಿಳಿಯಿತು. ಆಮೇಲೆ ಕಣ್ಣು ಅವಳ ಬರೀ ಮುಖದ ಮೇಲೆ ಬಿತ್ತು. ರೆಕ್ಕೆ ಬಡಿಯುತ್ತಾ ಕೊನೆಯ ಮೂಲೆಗೆ ಓಡಿತು. ಇವಳು ಕರೆದಷ್ಟೂ ಬೇಲಿಗೆ ಒತ್ತಿಕೊಂಡಿತು.

“ಗೆದ್ದೆ ಕಣಮ್ಮ,” ಎಂದರು ವೈದ್ಯರು.

ಗೆದ್ದ ಸಂತೋಷಕ್ಕೂ ಸೋತ ಸಂಕಟಕ್ಕೂ ಕಣ್ಣೀರು ಒಂದೇ ಅಲ್ಲವೇ, ಸುರಿಯುತ್ತಲೇ ಇತ್ತು. ಹೊರಗೆ ಬಂದ ಮಗಳ ಮುಖ ನೋಡಿದ್ದೇ ಅಮ್ಮನ ನಾಲಿಗೆ ಅಂಗುಳಕ್ಕೆ ಅಂಟಿತು. ಇನ್ನೇನು ಲೊಚಗುಟ್ಟಬೇಕು, ಅವಳು ಧಾವಿಸಿ ಬಂದು ಅಮ್ಮನ ಬಾಯಿಗೆ ಕೈ ಅಡ್ಡ ಹಿಡಿದಳು.

“ಬೇಡಮ್ಮ. ಅದಕ್ಕೆ ಕೇಳಿಸುತ್ತೆ.”