ಲೀಟರಿಗೆ ಹನ್ನೆರಡು ಕಿಲೋಮೀಟರ್

ತೊಂಬತ್ತರ ದಶಕದ ನಡುವಿನಲ್ಲಿ ನನ್ನನ್ನು ಮುಳಬಾಗಿಲಿಗೆ ಹಾಕಿದರು. ಅಂಗನವಾಡಿಗಳನ್ನು ನೋಡಿಕೊಳ್ಳುವ ಕೆಲಸ. ನನ್ನ ಮೊದಲ ನೌಕರಿ. ಇನ್ನೂ ಖಾಯಂ ಆಗಿರಲಿಲ್ಲ. ಕಚೇರಿಗೊಂದು ಡೀಸೆಲ್ ಜೀಪಿತ್ತು, ಅದಕ್ಕೊಬ್ಬ ಡ್ರೈವರ್. ಐವತ್ತು ದಾಟಿದ ಮನುಷ್ಯ, ಮನೆಮಾತು ತೆಲುಗು. ಬೆಳಿಗ್ಗೆ ತಾವು ಕಾಫಿ ಕುಡಿಯುವ ಮೊದಲು ಜೀಪಿಗೆ ನೀರು ಹಾಕುತ್ತಿದ್ದರು. ನನ್ನನ್ನು ಮೇಡಂ ಅನ್ನಲು ನಾಲಗೆ ತಿರುಗದೆ ‘ಅಮ್ಮಾ’ ಎನ್ನುತ್ತಿದ್ದರು.

ಎಂಟು ತಿಂಗಳಾಗಿತ್ತು. ಕೋಲಾರದ ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು. ಕಂಪನಿಯ ಪುಸ್ತಕದ ಪ್ರಕಾರ ಈ ಜೀಪು ಲೀಟರಿಗೆ ಹನ್ನೆರಡು ಕಿಲೋಮೀಟರ್ ಓಡಬೇಕು, ನಿಮ್ಮ ಲಾಗ್‌ಬುಕ್ಕಿನಲ್ಲಿ ಎಂಟೇ ಬರುತ್ತಿದೆ, ಉಳಿದ ಡೀಸೆಲ್ ಏನಾಯಿತು, ಏಳು ದಿನದೊಳಗೆ ವಿವರಣೆ ಕೊಡಿ. ಲಾಗ್‌ಬುಕ್ಕಿನ ಪ್ರತಿ ಪುಟದ ಕೆಳಗೂ ನನ್ನದೇ ಸಹಿಯಿತ್ತು.

ಪಕ್ಕದ ತಾಲ್ಲೂಕಿನ ಹಿರಿಯ ಅಧಿಕಾರಿಯೊಬ್ಬರಿಗೆ ಫೋನ್ ಮಾಡಿದೆ. ಅವರು ನಕ್ಕರು. “ಡ್ರೈವರ್‌ಗಳು ಡೀಸೆಲ್ ಮಾರ್ಕೊಳ್ಳೋದು ಹೊಸದೇನಮ್ಮಾ? ಅವನ ಮೇಲೆ ಅನುಮಾನ ಇದೆ ಅಂತ ಬರೆದುಬಿಡು. ನಿನ್ನ ತಲೆ ಉಳಿಯುತ್ತೆ.”

ಮೂರು ದಿನ ಒದ್ದಾಡಿದೆ. ಜೀಪಿನಲ್ಲಿ ಕೂತಾಗೆಲ್ಲ ಕಣ್ಣು ಡೀಸೆಲ್ ಮುಳ್ಳಿನ ಮೇಲೇ. ಅವರು ಬೀಡಿ ತರಲು ಇಳಿದರೆ ಯಾರ ಜೊತೆ ಮಾತಾಡುತ್ತಾರೆ ಎಂದು ಕತ್ತು ಚಾಚಿ ನೋಡುವೆ. ನಂಗಲಿಯಲ್ಲಿ ಒಬ್ಬ ಲಾರಿಯವನು ಅವರ ಹೆಗಲ ಮೇಲೆ ಕೈ ಹಾಕಿದ್ದನ್ನು ಕಂಡು ಎದೆ ಧಸಕ್ಕೆಂದಿತು. ಆ ಲಾರಿಯವನು ಅವರ ಸೋದರಳಿಯ ಎಂದು ಆಮೇಲೆ ಗೊತ್ತಾಯಿತು. ನಾಲ್ಕನೆಯ ದಿನ ಆ ಮಾತನ್ನೇ ಬರೆದೆ: ‘ಚಾಲಕರ ಮೇಲೆ ಅನುಮಾನವಿರುತ್ತದೆ.’ ಲಕೋಟೆಗೆ ಅಂಟು ಹಚ್ಚಿ, ಕೋಲಾರಕ್ಕೆ ಬೇರೆ ಕೆಲಸದ ಮೇಲೆ ಹೊರಟಿದ್ದ ಅವರ ಕೈಯಲ್ಲೇ ಕೊಟ್ಟು ಕಳಿಸಿದೆ. ಇಂದಿಗೂ ಅದನ್ನು ನೆನೆದರೆ ಮೈ ಹಿಡಿಯಾಗುತ್ತದೆ.

ಅಲ್ಲಿನ ಗುಮಾಸ್ತ ಲಕೋಟೆ ಒಡೆದು ಅವರೆದುರಿಗೇ ಓದಿ ಹೇಳಿದ್ದ. ಮರುದಿನ ಬೆಳಿಗ್ಗೆ ಅವರು ಜೀಪಿನ ಕೀಯನ್ನು ನನ್ನ ಮೇಜಿನ ಮೇಲಿಟ್ಟರು.

“ಮೀರೂ ನಮ್ಮಲೇದಾ ಅಮ್ಮಾ? ನೀವೂ ನಂಬ್ಲಿಲ್ವಾ?”

“ಟೆಸ್ಟ್ ಮಾಡಿಸ್ತೀನಿ,” ಎಂದೆ. “ಮಾಡ್ಸಿ,” ಎಂದು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು.

ಮುಂದಿನ ವಾರ ಕೋಲಾರದಿಂದ ಒಬ್ಬ ಮೆಕ್ಯಾನಿಕ್ ಬಂದರು. ಬಂಕಿನಲ್ಲಿ ಟ್ಯಾಂಕಿನ ಬಾಯಿವರೆಗೆ ಡೀಸೆಲ್ ತುಂಬಿಸಿದರು. ಸ್ಟೇರಿಂಗ್ ಅವರೇ ಹಿಡಿದರು, ಪಕ್ಕದಲ್ಲಿ ನಾನು. ಹೆದ್ದಾರಿಯಲ್ಲಿ ನಂಗಲಿಗೆ ಹೋಗಿ ಬಂದೆವು. ಒಂದೇ ವೇಗ, ಎಲ್ಲೂ ನಿಲ್ಲಿಸಲಿಲ್ಲ. ಮತ್ತೆ ತುಂಬಿಸಿದಾಗ ಮೂರೇ ಲೀಟರ್ ಹಿಡಿಯಿತು. ಮೂವತ್ತೈದು ಕಿಲೋಮೀಟರಿಗೆ ಮೂರು ಲೀಟರ್.

“ಪುಸ್ತಕದಲ್ಲಿರೋದು ಸರಿಯಾಗೇ ಇದೆ ಮೇಡಂ,” ಎಂದು ಮೆಕ್ಯಾನಿಕ್ ಕಾಗದ ತೆಗೆದರು.

ಬಂಕಿನ ಗೋಡೆಗೆ ಒರಗಿ ನಿಂತಿದ್ದ ನಮ್ಮ ಡ್ರೈವರ್ ಮುಖದಲ್ಲಿ ರಕ್ತವೇ ಇಳಿದುಹೋಯಿತು. ನನಗೆ ಅವರು ಕದ್ದಿದ್ದರೆ ಎಂಬುದೊಂದು ಭಯ. ಕದ್ದಿಲ್ಲದಿದ್ದರೆ ಎಂಬುದು ಅದಕ್ಕಿಂತ ದೊಡ್ಡದು. ಆಗಲೇ ನೆನಪಾಯಿತು, ಎಂಟು ತಿಂಗಳಲ್ಲಿ ಒಂದು ದಿನವೂ ನಾವು ಹೀಗೆ ನಿಲ್ಲದೆ ಓಡಿರಲಿಲ್ಲ.

“ಸಹಿ ಹಾಕ್ಬೇಡಿ,” ಎಂದೆ. “ನಾಳೆ ನಾವು ದಿನಾ ಹೋಗೋ ದಾರೀಲಿ ಬನ್ನಿ.”

“ಟೆಸ್ಟ್ ಆಯ್ತಲ್ಲ ಮೇಡಂ. ಎಷ್ಟು ಸಲ ಮಾಡೋದು?”

“ಇನ್ನೊಂದೇ ಸಲ. ನೀವೇ ಓಡಿಸಿ.”

ಗೊಣಗುತ್ತಲೇ ಒಪ್ಪಿದರು. ಮರುದಿನ ಆಹಾರದ ಮೂಟೆಗಳನ್ನು ಹೇರಿಕೊಂಡು ತಾಯಲೂರಿನ ಕಡೆ ಹೊರಟೆವು. ಡ್ರೈವರ್ ಹಿಂದೆ ಮೂಟೆಗಳ ನಡುವೆ ಕೂತರು. ತಾಯಲೂರು ದಾಟಿದ ಮೇಲೆ ಡಾಂಬರೇ ಇಲ್ಲ. ಕೆರೆ ಕಟ್ಟೆಯ ಮೇಲೆ ಎರಡನೇ ಗೇರಿನಲ್ಲಿ ತೆವಳಿದೆವು. ಬತ್ತಿದ ಹೊಳೆಯ ಮರಳಿನಲ್ಲಿ ಚಕ್ರ ಹೂತು, ಮೆಕ್ಯಾನಿಕ್ ಮೊದಲ ಗೇರಿನಲ್ಲಿ ಎಂಜಿನ್ ಕಿರುಚಿಸಿದರು. ಒಂದು ಅಂಗನವಾಡಿಯೆದುರು ಇಳಿಯುವಾಗ ಎಂಜಿನ್ ಆರಿಸಿಬಿಟ್ಟರು. ಬ್ಯಾಟರಿ ಸೋತಿತ್ತು, ಊರವರೆಲ್ಲ ಸೇರಿ ತಳ್ಳಬೇಕಾಯಿತು. ಆಮೇಲೆ ಎಲ್ಲಿ ನಿಂತರೂ ಆರಿಸಲಿಲ್ಲ. ನಾನು ಒಳಗೆ ಮಕ್ಕಳ ತೂಕ ನೋಡುವಷ್ಟು ಹೊತ್ತೂ ಹೊರಗೆ ಅದು ಗುಡುಗುಡು ಎನ್ನುತ್ತಲೇ ಇತ್ತು. ಆ ಸದ್ದು ದಿನಾ ಕೇಳುತ್ತಿದ್ದೆ. ಅದು ಡೀಸೆಲ್ ಉರಿಯುವ ಸದ್ದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಸಂಜೆ ಬಂಕಿನಲ್ಲಿ ಪೈಪನ್ನು ಮೆಕ್ಯಾನಿಕ್ ತಾವೇ ಹಿಡಿದರು. ಅಂಕಿಗಳು ತಿರುಗುತ್ತಿದ್ದವು. ಐದು, ಆರು, ಏಳು. ಎಂಟಕ್ಕೆ ನಿಂತಿತು. ನಾವು ಓಡಿದ್ದು ಅರವತ್ತೆರಡು ಕಿಲೋಮೀಟರ್.

ಮೆಕ್ಯಾನಿಕ್ ಎರಡೆರಡು ಸಲ ಭಾಗಿಸಿ ನೋಡಿದರು. “ಎಂಟೂ ಬರ್ಲಿಲ್ಲ ಮೇಡಂ,” ಎಂದು ನಮ್ಮ ಡ್ರೈವರ್ ಕಡೆ ತಿರುಗಿದರು. “ಏನಣ್ಣಾ, ನನಗಿಂತ ನೀವೇ ಜಾಸ್ತಿ ಓಡ್ಸಿದ್ದೀರಲ್ಲ!”

ಡ್ರೈವರ್ ನಗಲಿಲ್ಲ. ಮೂಟೆಯ ಹಿಟ್ಟು ಮೆತ್ತಿದ್ದ ಅಂಗಿಯನ್ನು ಕೊಡವಿಕೊಂಡರು.

ಮಾರನೆಯ ದಿನ ನಾನು ಬಸ್ಸಿನಲ್ಲಿ ಕೋಲಾರಕ್ಕೆ ಹೋದೆ. ಜೀಪಿನಲ್ಲಿ ಹೋಗಲು ಮುಖವಿರಲಿಲ್ಲ. ನನ್ನ ಪತ್ರ ವಾಪಸ್ ಕೊಡಿ ಎಂದು ಕೇಳಿದೆ. “ಫೈಲಿಗೆ ಸೇರಿದ್ದು ಆಚೆ ಬರಲ್ಲಮ್ಮಾ,” ಎಂದರು ಅಧಿಕಾರಿ. “ಈ ಟೆಸ್ಟಿನ ಲೆಕ್ಕಾನೂ ಕೊಟ್ಟು ಹೋಗಿ, ಅದರ ಜೊತೆ ಇಡ್ತೀವಿ.” ಎರಡೂ ದಿನದ ಲೆಕ್ಕವನ್ನು ಕೊಟ್ಟು, ಅನುಮಾನ ನನ್ನ ತಪ್ಪು ಎಂದು ಅಲ್ಲೇ ಕೂತು ಬರೆದುಕೊಟ್ಟೆ. ಖಾಯಮಾತಿಗೆ ತೊಂದರೆಯಾಗಬಹುದು ಎಂದರು. ಆದರೂ ಸಹಿ ಹಾಕಿದೆ.

ವಾಪಸ್ ಬಂದು ಡ್ರೈವರನ್ನು ಕರೆದೆ. “ತಪ್ಪು ಮಾಡಿದೆ. ಕ್ಷಮಿಸಬೇಕು,” ಎಂದೆ.

“ನೀವು ಚಿಕ್ಕೋರು, ಹೆದರ್ಕೊಂಡ್ರಿ,” ಎಂದರು. ಮೇಜಿನ ಮೇಲಿದ್ದ ಜೀಪಿನ ಕೀ ಎತ್ತಿಕೊಂಡು, “ನನ್ನನ್ನ ಒಂದ್ ಮಾತು ಕೇಳ್ಬೋದಾಗಿತ್ತು,” ಎಂದರು.

ಕೋಲಾರದಿಂದ ಉತ್ತರ ಬರಲು ನಾಲ್ಕು ತಿಂಗಳಾಯಿತು. ಅಷ್ಟು ದಿನವೂ ಅವರು ಹೊತ್ತಿಗೆ ಸರಿಯಾಗಿ ಬಂದು ಜೀಪು ಓಡಿಸಿದರು. ಟಪಾಲು ಬಂದ ಸದ್ದಾದರೆ ಇಬ್ಬರೂ ಬಾಗಿಲ ಕಡೆ ನೋಡುತ್ತಿದ್ದೆವು. ಕೊನೆಗೂ ಆದೇಶ ಬಂತು: ಹಳ್ಳಿ ದಾರಿಗೆ ಎಂಟು ಕಿಲೋಮೀಟರ್ ಒಪ್ಪಲಾಗಿದೆ, ಚಾಲಕರ ಮೇಲಿನ ವಿಚಾರಣೆ ಕೈಬಿಡಲಾಗಿದೆ. ನಾನು ಜೋರಾಗಿ ಓದಿದೆ. ಅವರು ಇನ್ನೊಮ್ಮೆ ಓದಿಸಿದರು.

“ಒಂದ್ ಜೆರಾಕ್ಸ್ ಕೊಡ್ತೀರಾಮ್ಮಾ?” ಎಂದರು. “ಬೀಗರಾಗೋರು ಶ್ರೀನಿವಾಸಪುರದೋರು. ಡೀಸೆಲ್ ಮಾತು ಅವರ ಕಿವಿಗೂ ಬಿದ್ದಿದೆ. ಅವರಿಗೆ ತೋರಿಸ್ಬೇಕು.”

ಅವರ ಮಗಳಿಗೆ ಸಂಬಂಧ ನೋಡುತ್ತಿದ್ದ ವಿಷಯ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಕಾಗದ ಹಿಡಿದು ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಗೆ ನಾನೇ ಓಡಿದೆ.