ಮೂರು ಪಾಳಿಯ ಹನಿ

ಭಾನುವಾರ, ಬೆಳಗಿನ ಆರು ಗಂಟೆ. ಮನೆಯ ಕಟ್ಟೆಯ ಮೇಲೆ ನಾನು, ನನ್ನ ಹೆಂಡತಿ ಶಾಂತಮ್ಮ, ಮೂರನೆಯವರಿಲ್ಲ. ನಮ್ಮೂರು ಮುಕ್ಕುಂದದ ಗದ್ದೆಗಳಲ್ಲಿ ಕೊಯ್ಲು ನಡೆದಿದೆ. ಭತ್ತದ ಹೊಟ್ಟಿನ ವಾಸನೆ ಗಾಳಿಯಲ್ಲಿ ಬಂತು. ಆಕೆ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ನಾನು ತಲೆ ತಗ್ಗಿಸಿದೆ.

ನಾನು ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದವನು. ಆರು, ಎರಡು, ಹತ್ತು: ಮೂರು ಪಾಳಿ. ನಿವೃತ್ತನಾಗಿ ಊರಿಗೆ ಬಂದರೂ ಆ ಗಂಟೆಗಳು ನನ್ನನ್ನು ಬಿಡಲಿಲ್ಲ. ಚಹಾ, ಸ್ನಾನ, ವಿಭೂತಿ, ಊಟ, ಎಲ್ಲಕ್ಕೂ ಹೊತ್ತು ಗೊತ್ತು. ನಮ್ಮ ಎಮ್ಮೆ ಕೂಡ ಕೆಲಕಾಲ ಜಗಳವಾಡಿ ಕೊನೆಗೆ ಸೋತಿತು.

ಹೊಟ್ಟು ಹಾರುವ ದಿನಗಳಲ್ಲಿ ಶಾಂತಮ್ಮನ ಕಣ್ಣುಗಳು ಕೆಂಪಾಗಿ ತುರಿಸುತ್ತಿದ್ದವು. ಸಿಂಧನೂರಿನ ಡಾಕ್ಟರು ಅಲರ್ಜಿ ಎಂದು ಒಂದು ವಾರಕ್ಕೆ ಹನಿ ಬರೆದುಕೊಟ್ಟು, ಮತ್ತೆ ಬಂದು ತೋರಿಸಿ ಎಂದಿದ್ದರು. ಎರಡೇ ದಿನಕ್ಕೆ ಕೆಂಪು ಹೋಯಿತು. ಇಂಥ ಔಷಧವನ್ನು ಬಿಡುವುದುಂಟೇ ಹೇಳಿ? ಮಸ್ಕಿಯ ಸಂತೆಗೆ ಹೋದಾಗ ಮೆಡಿಕಲ್ ಅಂಗಡಿಯಲ್ಲಿ ಖಾಲಿ ಬಾಟಲಿ ತೋರಿಸಿ ಹೊಸದು ತರುತ್ತಿದ್ದೆ. ಡಾಕ್ಟರ ಬಳಿ ಹೋಗಲೇ ಇಲ್ಲ. ಆರಕ್ಕೆ, ಎರಡಕ್ಕೆ, ಹತ್ತಕ್ಕೆ ನಾನೇ ಹನಿ ಹಾಕುತ್ತಿದ್ದೆ.

“ಇವತ್ತು ಬ್ಯಾಡ ಬಿಡ್ರಿ, ಕಣ್ಣು ಚಲೋ ಅದಾವ,” ಎನ್ನುತ್ತಿದ್ದಳು.

“ಪಾಳಿ ತಪ್ಪಿಸಬಾರದು. ಮಲಕೋ.”

“ನಾ ಏನ್ ನಿಮ್ಮ ಗಣಿ ಆಳೇನ್ರಿ?” ಎಂದು ನಕ್ಕು ಮಲಗುತ್ತಿದ್ದಳು.

ಆಮೇಲಾಮೇಲೆ ಬಾಗಿಲಿಗೆ ಎಡಭುಜ ಬಡಿಸಿಕೊಳ್ಳತೊಡಗಿದಳು. “ನೋಡಿ ನಡಿ,” ಎಂದು ಗದರಿದೆ. ಅದಕ್ಕೂ ಒಂದು ಶಿಸ್ತು ಬೇಕೆಂದೆ.

ಕೊನೆಗೆ ಲಿಂಗಸುಗೂರಿಗೆ ಕರೆದುಕೊಂಡು ಹೋದೆ. ಅಲ್ಲಿಯ ಕಣ್ಣಿನ ಡಾಕ್ಟರು, ಹರೆಯದ ಹೆಣ್ಣುಮಗಳು, ಕಣ್ಣಿನ ಒತ್ತಡ ಅಳೆದು ಕೇಳಿದರು: “ಈ ಹನಿ ಎಷ್ಟು ದಿನದಿಂದ ಹಾಕಾಕತ್ತೀರಿ?”

“ಎರಡು ವರ್ಷ ಆತ್ರಿ. ಒಂದು ಪಾಳಿನೂ ತಪ್ಪಿಸಿಲ್ಲ,” ಎಂದೆ. ಶಹಬ್ಬಾಸ್ ಎನ್ನುತ್ತಾರೆಂದು ಕಾದೆ, ನೋಡಿ!

“ಇದರಾಗ ಸ್ಟೀರಾಯ್ಡ್ ಐತ್ರಿ. ನಾವು ನೋಡ್ಕೋತ ಸ್ವಲ್ಪ ದಿನ ಕೊಟ್ರ ಒಳ್ಳೇ ಔಷಧ. ನಿಮ್ಮಷ್ಟಕ್ಕ ನೀವ ಹಾಕ್ಕೋತ ಹೋದ್ರ ಕಣ್ಣಾಗ ಒತ್ತಡ ಏರಿ ನರ ಸಾಯ್ತದ. ಎಡಗಡೆ ಬದಿ ನೋಟ ಹೋಗ್ಯಾದ, ಅದು ವಾಪಸ್ ಬರಂಗಿಲ್ಲ. ಉಳಿದದ್ದನ್ನ ಉಳಿಸ್ಕೋಬೇಕು.”

ನಾನು ಬಾಯಿ ತೆರೆಯುವ ಮೊದಲೇ ಶಾಂತಮ್ಮ, “ನಾನ ಹಾಕ್ರಿ ಹಾಕ್ರಿ ಅಂತಿದ್ದೆ ರೀ. ಅವರದೇನೂ ತಪ್ಪಿಲ್ಲ,” ಎಂದುಬಿಟ್ಟಳು. ಆ ಸುಳ್ಳನ್ನು ನಾನು ತಿದ್ದಲಿಲ್ಲ. ಡಾಕ್ಟರ ಮುಂದೆ ನನ್ನ ಮಾನ ಉಳಿಯಿತೆಂದುಕೊಂಡೆ.

ಈಗ ಒತ್ತಡ ಇಳಿಸುವ ಹನಿ ಕೊಟ್ಟಿದ್ದಾರೆ, ಇದನ್ನು ಬಿಡುವಂತಿಲ್ಲ. ಇದೇ ಭಾನುವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಟಲಿ ಹಿಡಿದು ಹೋದೆ. “ಕೊಡ್ರಿಲ್ಲೆ,” ಎಂದು ಕಸಿದುಕೊಂಡಳು. ಮೊದಲ ಹನಿ ಕೆನ್ನೆಗೆ ಬಿತ್ತು. ನನ್ನ ಕೈ ತಾನಾಗಿ ಮುಂದೆ ಹೋಯಿತು.

“ಈಗ ನಾ ಹಾಕ್ರಿ ಅಂದೆನೇನ್ರಿ?”

ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಇನ್ನೊಂದು ಹನಿ ಕಣ್ಣಿಗೇ ಬಿತ್ತು. ಇವತ್ತಿನ ಕೊನೆಯ ಕೆಲಸವನ್ನು ಆಕೆ ಮುಗಿಸಿದಳು.